ರಷ್ಯನ್ ಹೆಣ್ಣುಮಕ್ಕಳ ಹೆಸರುಗಳೆಲ್ಲ 'ಆ' ಎಂದೇ ಮುಗಿಯುತ್ತವಾ?

ಅನ್ನಾ, ಓಲ್ಗಾ, ಮರಿಯಾ ಹೀಗೆ ಎಲ್ಲವೂ 'ಆ' ಎಂದೇ ಮುಗಿಯುತ್ತವಲ್ಲ, ಹಾಗಾದರೆ 'ಆ' ಇದ್ದರೆ ಹೆಣ್ಣು ಅಂತ ತಿಳಿಯಬಹುದಾ ಎಂದು ಕೇಳಿದ್ದೀರಿ. ಮೊದಲನೆಯದು ಹೆಚ್ಚುಕಡಿಮೆ ನಿಜ. ಎರಡನೆಯದನ್ನು ಮಾತ್ರ ನಂಬಬೇಡಿ.

ಹೆಂಗಸರ ಹೆಸರು ಸಾಮಾನ್ಯವಾಗಿ 'ಆ' ಇಲ್ಲವೇ 'ಯಾ' ಎಂದು ಮುಗಿಯುತ್ತದೆ. ಯೆಲೆನಾ, ಸ್ವೆತ್ಲಾನಾ, ತತ್ಯಾನಾ, ನತಾಲ್ಯಾ, ದಾರ್ಯಾ. ಇದಕ್ಕೆ ಹೊರತಾಗಿ ದಿನಬಳಕೆಯಲ್ಲಿ ಸಿಗುವ ಹೆಸರು ಲ್ಯುಬೋವ್. ಪ್ರೀತಿ ಎನ್ನುವ ಪದವೇ ಹೆಸರಾಗಿದೆ. ಸೋವಿಯತ್ ಕಾಲದಲ್ಲಿ ಲೆನಿನ್ ಹೆಸರನ್ನು ಹಿಂದುಮುಂದಾಗಿ ಓದಿ ಹೆಣ್ಣುಮಕ್ಕಳಿಗೆ ನಿನೆಲ್ ಎಂದೂ ಇಟ್ಟರು, ಅದು 'ಲ್' ಎಂದು ಮುಗಿಯುತ್ತದೆ. ಇಂಥವು ಕಡಿಮೆ.

ತೊಂದರೆ ಬರುವುದು ಗಂಡಸರ ಕಡೆಯಿಂದ! ಮನೆಯಲ್ಲಿ, ಗೆಳೆಯರ ನಡುವೆ ಪೂರ್ತಿ ಹೆಸರನ್ನು ಯಾರೂ ಕರೆಯುವುದಿಲ್ಲ. ಮಿಖಾಯಿಲ್ ಮಿಶಾ ಆಗುತ್ತಾನೆ, ನಿಕೊಲಾಯ್ ಕೋಲ್ಯಾ, ಇವಾನ್ ವಾನ್ಯಾ. ಕೇಳಿದರೆ ಮೂರೂ ಹುಡುಗಿಯರ ಹೆಸರು ಅನ್ನಿಸುತ್ತದೆ, ಅಲ್ವಾ? ಸಾಶಾ ಅಂದರೆ ಅಲೆಕ್ಸಾಂದ್ರ್ ಎನ್ನುವ ಹುಡುಗನೂ ಆಗಬಹುದು, ಅಲೆಕ್ಸಾಂದ್ರಾ ಎನ್ನುವ ಹುಡುಗಿಯೂ ಆಗಬಹುದು. ಝೆನ್ಯಾ, ವಾಲ್ಯಾ ಕೂಡ ಹಾಗೇ. ಇನ್ನು ನಿಕಿತಾ, ಇಲ್ಯಾ ಇವು ಗಂಡಸರ ಪೂರ್ತಿ ಹೆಸರುಗಳೇ. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಇಡುವ ನಿಕಿತಾ ಅಲ್ಲಿ ಸೋವಿಯತ್ ನಾಯಕ ನಿಕಿತಾ ಕ್ರುಶ್ಚೇವ್.

ನಮ್ಮವರು ಮಗಳಿಗೆ ಇಷ್ಟಪಟ್ಟು ಇಡುವ ನತಾಶಾ, ತಾನ್ಯಾ, ಸೋನ್ಯಾ ರಷ್ಯಾದಲ್ಲಿ ಮುದ್ದಿನ ಹೆಸರುಗಳು. ದಾಖಲೆಯಲ್ಲಿ ಸಾಮಾನ್ಯವಾಗಿ ನತಾಲ್ಯಾ, ತತ್ಯಾನಾ, ಸೋಫ್ಯಾ ಎಂದಿರುತ್ತದೆ. ಮುದ್ದಿನಲ್ಲೂ ಮೆಟ್ಟಿಲುಗಳಿವೆ. ಮರಿಯಾಳನ್ನು ಗೆಳತಿಯರು ಮಾಶಾ ಅಂತಾರೆ, ಅಮ್ಮ ಮಾಶೆಂಕಾ ಅಂತಾಳೆ. ಮಾಶ್ಕಾ ಅಂದರೆ ಒಂದೋ ತೀರಾ ಸಲುಗೆ, ಇಲ್ಲಾಂದ್ರೆ ಬೈಗುಳದ ದನಿ, ಆದ್ದರಿಂದ ಹೊಸಬರು ಅದರ ತಂಟೆಗೆ ಹೋಗದಿರುವುದೇ ಒಳ್ಳೆಯದು. ದೂರದಿಂದ ಕೂಗುವಾಗ ಕೊನೆಯ 'ಆ' ಕೂಡ ಹಾರಿಹೋಗಿ ಬರೀ "ಮಾಶ್!" "ಲೆನ್!" ಎಂದು ಕೇಳುತ್ತದೆ.

ಹೆಣ್ಣೋ ಗಂಡೋ ತಿಳಿಯಬೇಕೆಂದರೆ ನಾನು ನೋಡುವುದು ನಡುವಿನ ಹೆಸರನ್ನು. ಅದು ಅಪ್ಪನ ಹೆಸರಿನಿಂದ ಬರುತ್ತದೆ, ಮಗಳಾದರೆ ಒವ್ನಾ ಅಥವಾ ಯೆವ್ನಾ, ಮಗನಾದರೆ ಒವಿಚ್ ಅಥವಾ ಯೆವಿಚ್. 1963ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಮಹಿಳೆಯ ಪೂರ್ತಿ ಹೆಸರು ವಲೆಂತಿನಾ ವ್ಲದಿಮಿರೊವ್ನಾ ತೆರೆಶ್ಕೊವಾ, ಅಂದರೆ ವ್ಲದಿಮಿರ್‌ನ ಮಗಳು. ಅಪ್ಪನ ಹೆಸರೇ 'ಆ' ಎಂದು ಮುಗಿದರೆ ನಿಕಿತಿಚ್ನಾ, ಇಲ್ಯಿನಿಚ್ನಾ ಎಂದಾಗುತ್ತದೆ. ನಾನು ಅಲ್ಲಿ ಓದುವಾಗ ಟೀಚರನ್ನು ಮೇಡಂ ಅನ್ನುವ ಪದ್ಧತಿ ಇರಲಿಲ್ಲ, ಹೆಸರಿನ ಜೊತೆ ಅಪ್ಪನ ಹೆಸರು ಸೇರಿಸಿಯೇ ಕರೆಯಬೇಕಿತ್ತು, ಮೊದಮೊದಲು ನಾಲಿಗೆ ಹೊರಳುತ್ತಿರಲಿಲ್ಲ. ಆದರೆ ರಷ್ಯನ್ನರೇ ಮಾತಿನಲ್ಲಿ ಅದನ್ನು ನುಂಗಿಬಿಡುತ್ತಾರೆ, ಅಲೆಕ್ಸಾಂದ್ರೊವ್ನಾ ಎನ್ನುವುದು ಅಲೆಕ್ಸಾನ್ನಾ ಆಗುತ್ತದೆ.

ಮನೆತನದ ಹೆಸರೂ ಸಹಾಯಕ್ಕೆ ಬರುತ್ತದೆ. ಅಪ್ಪ ಶರಪೊವ್ ಆದರೆ ಮಗಳು ಶರಪೊವಾ. ಸ್ಕಿ ಇದ್ದರೆ ಸ್ಕಾಯಾ ಆಗುತ್ತದೆ. ಎರಡನೇ ಮಹಿಳಾ ಗಗನಯಾತ್ರಿ ಸ್ವೆತ್ಲಾನಾ ಸವಿತ್ಸ್ಕಾಯಾ ಅವರ ತಂದೆ ಯೆವ್ಗೇನಿ ಸವಿತ್ಸ್ಕಿ. ಆದರೆ ಇದು ಎಲ್ಲ ಮನೆತನಗಳಿಗೂ ಹೊಂದುವುದಿಲ್ಲ. ತ್ಕಾಚೆಂಕೊ, ಚೆರ್ನಿಖ್ ತರಹದವು ಗಂಡಿಗೂ ಹೆಣ್ಣಿಗೂ ಒಂದೇ. ಹೊರಗಿನಿಂದ ಬಂದ ಹೆಸರುಗಳೂ ಅಷ್ಟೇ. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ದೇವಿಕಾ ರಾಣಿ ಜೊತೆ ಇದ್ದ ಕಲಾವಿದ ರೋರಿಕ್ ಗೊತ್ತಲ್ಲ, ಅವರ ಹೆಸರು ಸ್ವೆತೊಸ್ಲಾವ್ ನಿಕೊಲಾಯೆವಿಚ್ ರೋರಿಕ್. ತಾಯಿ ಯೆಲೆನಾ ಇವಾನೊವ್ನಾ ರೋರಿಕ್. ಮದುವೆಗೆ ಮುಂಚೆ ಆಕೆ ಶಾಪೊಶ್ನಿಕೊವಾ, ಆಮೇಲೆ ಗಂಡನಂತೆಯೇ ಬರೀ ರೋರಿಕ್.