ಶೋರೂಮಿಗೆ ಹೋಗುವ ಮೊದಲು ಮೀಟರ್ ಬೋರ್ಡ್ ನೋಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಲೆಕ್ಟ್ರಿಕ್ ಕಾರಿನವೇ. ನಾನು ತಿಪಟೂರಿನಲ್ಲಿ 26 ವರ್ಷ ಆಟೋ ಎಲೆಕ್ಟ್ರಿಕಲ್ ಅಂಗಡಿ ನಡೆಸಿದವನು. ಡೈನಮೋ, ಸೆಲ್ಫ್ ಮೋಟಾರ್, ಹಾರ್ನ್, ಹೆಡ್‌ಲೈಟು ಬಿಟ್ಟರೆ ಬೇರೆ ಕೆಲಸ ಮಾಡಿದವನಲ್ಲ. ಮೂರು ವರ್ಷದಿಂದ ನಾನೂ ಒಂದು ಚಿಕ್ಕ ಎಲೆಕ್ಟ್ರಿಕ್ ಕಾರು ಓಡಿಸುತ್ತಿದ್ದೇನೆ. ಆ ಅನುಭವದ ಮೇಲೆ ಈ ಉತ್ತರಗಳು.

ಪ್ರಶ್ನೆ: ಶಾಲೆಗೆ ಹೋಗಿ ಬರಲು ದಿನಾ 60 ಕಿ.ಮೀ. ಆಗುತ್ತದೆ. 24 ಯೂನಿಟ್ ಬ್ಯಾಟರಿಯ ಟಿಯಾಗೊ ಇವಿ ನೋಡಿದ್ದೇವೆ. ನಮ್ಮ ಮನೆಯವರು ಪೆಟ್ರೋಲ್ ಕಾರೇ ಸಾಕು ಅನ್ನುತ್ತಾರೆ. ಗೃಹಜ್ಯೋತಿ ಕೈತಪ್ಪಿ ಹೋಗುತ್ತದೆ ಅಂತ ಅತ್ತೆಯವರ ಚಿಂತೆ. ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೂ ಹೋಗಬೇಕು. ಏನು ಮಾಡಲಿ?
ಒಬ್ಬ ಶಿಕ್ಷಕಿ, ಅರಸೀಕೆರೆ

ಉತ್ತರ: ಮೇಡಂ, ತಗೊಳ್ಳಿ. ಆದರೆ ಬುಕ್ ಮಾಡುವ ಮೊದಲು ಒಂದು ಕೆಲಸ ಇದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಲೆಕ್ಕ ನೋಡೋಣ.

ಈ ಕಾರು 2022ರಲ್ಲಿ ಬಂದಾಗ ಕಾಗದದ ಮೇಲೆ 315 ಕಿ.ಮೀ. ಅಂತಿತ್ತು. ಅದು ಪರೀಕ್ಷೆಯ ಲೆಕ್ಕ. ಎಸಿ ಹಾಕಿ, ಮೂರು ನಾಲ್ಕು ಜನ ಕೂತು, ಹೈವೇಯಲ್ಲಿ 80ರ ಮೇಲೆ ಹೋದರೆ 200ರ ಆಸುಪಾಸು ಅಂತ ಇಟ್ಟುಕೊಳ್ಳಿ. ನಿಮ್ಮ ದಿನದ ಓಡಾಟಕ್ಕೆ ಬ್ಯಾಟರಿಯ ಮೂರನೇ ಒಂದು ಭಾಗ ಸಾಕು.

ತಿಂಗಳಿಗೆ 25 ದಿನ ಅಂದರೆ 1,500 ಕಿ.ಮೀ. ಗೋಡೆಯ ಪ್ಲಗ್ಗಿನಿಂದ ಎಳೆಯುವ ಒಂದು ಯೂನಿಟ್ಟಿಗೆ 7 ಕಿ.ಮೀ. ಓಡುತ್ತದೆ ಅಂತ ಹಿಡಿದರೆ ಸುಮಾರು 215 ಯೂನಿಟ್ ಬೇಕು. ಅತ್ತೆಯವರ ಮಾತು ನಿಜವೇ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮನೆಯ ಬಳಕೆ 110 ಯೂನಿಟ್ ಇದ್ದರೆ ಎರಡೂ ಸೇರಿ 325. ತೆರಿಗೆ, ಸರ್‌ಚಾರ್ಜ್ ಎಲ್ಲ ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಅಂತ ಇಟ್ಟುಕೊಂಡರೆ ಬಿಲ್ 2,300 ರೂಪಾಯಿ ಹತ್ತಿರ ಬರುತ್ತದೆ. ನಿಗದಿತ ಶುಲ್ಕ ಬೇರೆ. ಅದೇ ದೂರಕ್ಕೆ ಲೀಟರಿಗೆ 16 ಕಿ.ಮೀ. ಕೊಡುವ ಪೆಟ್ರೋಲ್ ಕಾರಾದರೆ 94 ಲೀಟರ್ ಬೇಕು. ಲೀಟರಿಗೆ 103 ರೂಪಾಯಿಯ ಹಾಗೆ 9,700 ರೂಪಾಯಿ. ಅಂದರೆ ಉಚಿತ ಕರೆಂಟ್ ಬಿಟ್ಟುಕೊಟ್ಟರೂ ತಿಂಗಳಿಗೆ 7,000 ರೂಪಾಯಿ ಹತ್ತಿರ ಉಳಿಯುತ್ತದೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅತ್ತೆಯವರಿಗೆ ತೋರಿಸಿ. ಮನೆಯ ಖರ್ಚು ನಡೆಸಿದವರಿಗೆ ಹಾಳೆ ನೋಡಿದರೆ ಬೇಗ ಅರ್ಥವಾಗುತ್ತದೆ.

ನಿಮ್ಮ ಮನೆಯವರ ಮಾತಿನಲ್ಲೂ ಹುರುಳಿದೆ. ಸೆಪ್ಟೆಂಬರ್ 2025ರಲ್ಲಿ ಚಿಕ್ಕ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಎಲೆಕ್ಟ್ರಿಕ್ ಕಾರಿಗೆ 2019ರಿಂದಲೂ 5 ಪರ್ಸೆಂಟೇ ಇದೆ. ಹೀಗಾಗಿ ಬೆಲೆಯ ಅಂತರ ಜಾಸ್ತಿ ಆಗಿದೆ. ಅಂತರ 3 ಲಕ್ಷ ಇದ್ದರೆ, ನಿಮ್ಮ ಓಡಾಟಕ್ಕೆ ಸುಮಾರು ಮೂರೂವರೆ ವರ್ಷದಲ್ಲಿ ಗಿಟ್ಟುತ್ತದೆ. ದಿನಕ್ಕೆ 20 ಕಿ.ಮೀ. ಮಾತ್ರ ಓಡಿಸುವವರು ಕೇಳಿದ್ದರೆ ಪೆಟ್ರೋಲ್ ಕಾರನ್ನೇ ತಗೊಳ್ಳಿ ಅನ್ನುತ್ತಿದ್ದೆ. ಅವರಿಗೆ ಅದೇ ದುಡ್ಡು ವಾಪಸ್ ಬರಲು ಒಂಬತ್ತು ಹತ್ತು ವರ್ಷ ಬೇಕು. ಇನ್ನೊಂದು ಮಾತು. ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆ ಅಂತ ಯಾರಾದರೂ ಹೇಳಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. 80ಇಇಬಿ ಅನ್ನುವ ಆ ಸೌಲಭ್ಯ ಮಾರ್ಚ್ 31, 2023ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ.

ಈಗ ಆ ಕೆಲಸಕ್ಕೆ ಬರುತ್ತೇನೆ. ಕಾರಿನ ಟೆಸ್ಟ್ ಡ್ರೈವ್‌ಗಿಂತ ಮೊದಲು ನಿಮ್ಮ ಮನೆಯ ಅರ್ಥಿಂಗ್ ಟೆಸ್ಟ್ ಮಾಡಿಸಿ.

ನನ್ನ ಮನೆಯಲ್ಲಿ ಏನಾಯ್ತು ಹೇಳುತ್ತೇನೆ. ಕಾರು ಬಂದ ಮೊದಲ ರಾತ್ರಿ ಚಾರ್ಜರ್ ಹಾಕಿದೆ. ಹಸಿರು ದೀಪ ಬರಬೇಕಾದಲ್ಲಿ ಕೆಂಪು ಬಂತು. ತೆಗೆದು ಹಾಕಿದೆ, ಮತ್ತೆ ಕೆಂಪು. ಚಾರ್ಜರೇ ಕೆಟ್ಟಿದೆ ಅಂದುಕೊಂಡು ಮನೆಮಂದಿಯೆಲ್ಲ ಬೇಜಾರು ಮಾಡಿಕೊಂಡು ಮಲಗಿದೆವು. ಬೆಳಿಗ್ಗೆ ನನ್ನ ಹಳೇ ಟೆಸ್ಟ್ ಲ್ಯಾಂಪ್ ತಂದು ಪ್ಲಗ್ಗಿಗೆ ಹಿಡಿದೆ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಬಲ್ಬು ಚೆನ್ನಾಗಿ ಉರಿಯಿತು. ಫೇಸ್ ಮತ್ತು ಅರ್ಥ್ ನಡುವೆ ಹಿಡಿದರೆ ಒಳಗಿನ ತಂತಿ ಕೆಂಪಗೆ ಕಂಡಿತು, ಅಷ್ಟೇ. ಹಿತ್ತಲಿಗೆ ಹೋಗಿ ಅರ್ಥ್ ಗುಂಡಿಯ ಮೇಲಿನ ಕಲ್ಲು ಎತ್ತಿದೆ. ಪೈಪಿಗೆ ಕ್ಲಾಂಪ್ ಹಾಕಿದ್ದ ಜಾಗದಲ್ಲಿ ಜಿಐ ತಂತಿ ತುಕ್ಕು ಹಿಡಿದು ಚಕ್ಕೆ ಚಕ್ಕೆಯಾಗಿತ್ತು. ಬೆರಳು ತಾಗಿಸಿದ್ದಕ್ಕೆ ಉದುರಿಹೋಯ್ತು. 1987ರ ಮನೆ ಅದು. ಅಷ್ಟು ವರ್ಷ ಫ್ರಿಜ್, ಮಿಕ್ಸಿ, ಗೀಸರ್ ಎಲ್ಲ ಓಡಿವೆ. ಒಂದೂ ಬಾಯಿ ಬಿಟ್ಟು ಹೇಳಿರಲಿಲ್ಲ. ಕಾರಿನ ಚಾರ್ಜರ್ ಮಾತ್ರ ಅರ್ಥಿಂಗ್ ಸರಿ ಇಲ್ಲ, ನಾನು ಚಾರ್ಜ್ ಮಾಡಲ್ಲ ಅಂತ ನಿಂತುಬಿಟ್ಟಿತು. ನಮ್ಮ ಮನೆಯ ಮಕ್ಕಳು ಆ ಗೀಸರ್ ಕೆಳಗೇ ಸ್ನಾನ ಮಾಡುತ್ತಿದ್ದರು. ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ. ಹೊಸ ಗುಂಡಿ ತೆಗೆಸಿ, ಎಂಟು ಅಡಿ ಪೈಪ್ ಇಳಿಸಿ, ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿ, ನಾಲ್ಕು ಬಿಂದಿಗೆ ನೀರು ಹೊಯ್ದೆವು. ಆ ರಾತ್ರಿ ಹಸಿರು ದೀಪ ಬಂತು.

ಹಾಗಾಗಿ ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ಕರೆಸಿ. ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗದ ತನಕ 4 ಸ್ಕ್ವೇರ್ ಎಂಎಂ ತಾಮ್ರದ ವೈರನ್ನು ಬೇರೆಯಾಗಿಯೇ ಎಳೆಸಿ. ಅದಕ್ಕೆ ತನ್ನದೇ ಎಂಸಿಬಿ (ಲೋಡ್ ಜಾಸ್ತಿ ಆದರೆ ಬೀಳುವ ಸ್ವಿಚ್ಚು), ಜೊತೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್ಚು) ಇರಲಿ. ಕೊನೆಗೆ ಒಳ್ಳೆಯ ಕಂಪನಿಯ 15 ಆಂಪ್ ಪ್ಲಗ್. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ನೋಡಿ. 1 ಅಥವಾ 2 ಕಿಲೋವ್ಯಾಟ್ ಇದ್ದರೆ ಚೆಸ್ಕಾಂ ಕಚೇರಿಯಲ್ಲಿ ಜಾಸ್ತಿ ಮಾಡಿಸಿಕೊಳ್ಳಿ. ಚಾರ್ಜರ್ ಒಂದೇ 3 ಕಿಲೋವ್ಯಾಟ್ ಹತ್ತಿರ ಎಳೆಯುತ್ತದೆ. ನಿಮ್ಮ ದಿನದ ಓಡಾಟಕ್ಕೆ ಮೂರು ಗಂಟೆ ಚಾರ್ಜ್ ಸಾಕು. ಗೋಡೆಗೆ ಹಾಕುವ 7.2 ಕಿಲೋವ್ಯಾಟ್ ಬಾಕ್ಸಿಗೆ ಸುಮ್ನೆ ದುಡ್ಡು ಹಾಕಬೇಡಿ.

ಎಕ್ಸ್‌ಟೆನ್ಷನ್ ಬೋರ್ಡ್ ಮಾತ್ರ ಖಂಡಿತ ಬೇಡ. ಒಂದು ಸಲ ನೆಂಟರ ಮನೆಯಲ್ಲಿ ಬೇರೆ ದಾರಿ ಇಲ್ಲದೆ ಕಿಟಕಿಯಿಂದ ಹೊರಗೆಳೆದ ಬೋರ್ಡಿಗೆ ಹಾಕಿದ್ದೆ. ಒಂದು ಗಂಟೆ ಬಿಟ್ಟು ನೋಡಿದರೆ ಮೀನು ಸುಟ್ಟ ಹಾಗೆ ವಾಸನೆ. ಪ್ಲಗ್ಗಿನ ಪಿನ್ ಸುತ್ತ ಪ್ಲಾಸ್ಟಿಕ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ಇನ್ನರ್ಧ ಗಂಟೆ ಬಿಟ್ಟಿದ್ದರೆ ಕಿಟಕಿಯ ಪರದೆಗೆ ಬೆಂಕಿ ಹತ್ತುತ್ತಿತ್ತು.

ಧರ್ಮಸ್ಥಳಕ್ಕೆ ಹೋಗುವಾಗ ಹೆಚ್ಚು ಕಷ್ಟವಿಲ್ಲ, ಸಕಲೇಶಪುರ ದಾಟಿದ ಮೇಲೆ ಘಾಟಿ ಇಳಿಜಾರು. ವಾಪಸ್ ಬರುವಾಗಲೇ ಹುಷಾರು. ಶಿರಾಡಿ ಹತ್ತುವಾಗ ಪರ್ಸೆಂಟ್ ಕಣ್ಣೆದುರೇ ಇಳಿಯುತ್ತದೆ. ಘಾಟಿ ಹತ್ತುವ ಮೊದಲೇ, ಕೆಳಗೆ ಎಲ್ಲಾದರೂ ಊಟದ ಹೊತ್ತಿಗೆ ಫಾಸ್ಟ್ ಚಾರ್ಜರಿಗೆ ಹಾಕಿ. 10ರಿಂದ 80 ಪರ್ಸೆಂಟಿಗೆ ಈ ಕಾರಿಗೆ ಒಂದು ಗಂಟೆ ಹತ್ತಿರ ಬೇಕು. ಹೊರಡುವ ಹಿಂದಿನ ದಿನ ಆ ಚಾರ್ಜರ್ ಕೆಲಸ ಮಾಡುತ್ತಿದೆಯಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ.

ಪ್ರಶ್ನೆ: ಅಪಾರ್ಟ್‌ಮೆಂಟ್ ಸಂಘದವರು ಚಾರ್ಜಿಂಗ್ ಪಾಯಿಂಟ್ ಹಾಕಲು ಬಿಡುತ್ತಿಲ್ಲ. ಬೆಂಕಿ ಭಯ ಅನ್ನುತ್ತಾರೆ.
ಒಬ್ಬ ಓದುಗರು, ಯಲಹಂಕ, ಬೆಂಗಳೂರು

ಉತ್ತರ: ನಿಮ್ಮ ಮನೆಯ ಈಗಿನ ಸಂಪರ್ಕದಿಂದಲೇ ನಿಮ್ಮ ಗಾಡಿ ಚಾರ್ಜ್ ಮಾಡಿಕೊಳ್ಳಬಹುದು ಅಂತ ಕೇಂದ್ರ ಇಂಧನ ಸಚಿವಾಲಯದ 2024ರ ಮಾರ್ಗಸೂಚಿಯಲ್ಲೇ ಇದೆ. ಅದರ ಪ್ರತಿ ತೆಗೆದುಕೊಂಡು ಹೋಗಿ. ಆದರೆ ಜಗಳಕ್ಕೆ ನಿಲ್ಲಬೇಡಿ. ನಾಳೆಯೂ ಅದೇ ಲಿಫ್ಟಿನಲ್ಲಿ ಅವರ ಮುಖ ನೋಡಬೇಕಲ್ವಾ? ಮೀಟರ್ ರೂಮಿನಿಂದ ನಿಮ್ಮ ಪಾರ್ಕಿಂಗ್ ತನಕ ಎಷ್ಟು ಮೀಟರ್ ಅಂತ ಟೇಪ್ ಹಿಡಿದು ಅಳೆಯಿರಿ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರಿಂದ ವೈರು ಯಾವ ದಾರಿಯಲ್ಲಿ ಬರುತ್ತದೆ, ಯಾವ ಎಂಸಿಬಿ, ಎಷ್ಟು ಲೋಡ್ ಅಂತ ಒಂದು ಪುಟ ಬರೆಸಿ, ಅದರ ಜೊತೆ ಅರ್ಜಿ ಕೊಡಿ. ಬರೀ ಬಾಯಿಮಾತಿಗೆ ಬೇಡ ಅನ್ನುವುದು ಸುಲಭ. ಕಾಗದ ಕೊಟ್ಟರೆ ಯಾಕೆ ಬೇಡ ಅಂತ ಅವರೂ ಬರೆದೇ ಕೊಡಬೇಕಾಗುತ್ತದೆ.

ಅವರ ಭಯವನ್ನು ತಳ್ಳಿಹಾಕಬೇಡಿ. ಇವತ್ತು ನೀವೊಬ್ಬರು, ನಾಳೆ ಇಪ್ಪತ್ತು ಮನೆಯವರು 7 ಕಿಲೋವ್ಯಾಟ್ ಬಾಕ್ಸ್ ಹಾಕಿಸಿದರೆ ಕಟ್ಟಡದ ಟ್ರಾನ್ಸ್‌ಫಾರ್ಮರ್ ತಡೆಯಲ್ಲ. ಎಲ್ಲರೂ 3.3 ಕಿಲೋವ್ಯಾಟ್‌ನಲ್ಲಿ, ರಾತ್ರಿ ಹನ್ನೊಂದರ ಮೇಲೆ ಚಾರ್ಜ್ ಮಾಡೋಣ ಅಂತ ನೀವೇ ಮೊದಲು ಹೇಳಿ ನೋಡಿ. ಅನುಮತಿ ಕೈಗೆ ಬರುವ ತನಕ ಕಾರು ಮಾತ್ರ ಬುಕ್ ಮಾಡಬೇಡಿ.

ಪ್ರಶ್ನೆ: ರಾತ್ರಿ ಫುಲ್ ಚಾರ್ಜ್ ಮಾಡಿ ಬೆಳಿಗ್ಗೆ ಸಂಪಾಜೆ ಘಾಟಿ ಇಳಿಯುತ್ತೇನೆ. ಕಾಲು ತೆಗೆದರೆ ಕಾರು ತಾನೇ ನಿಧಾನ ಆಗುತ್ತಿತ್ತಲ್ಲ, ಅದು ಬೆಳಿಗ್ಗೆ ಹೊತ್ತು ಆಗುತ್ತಿಲ್ಲ. ಬ್ರೇಕ್ ಕೆಟ್ಟಿದೆಯಾ?
ಕಾಫಿ ಬೆಳೆಗಾರರು, ಮಡಿಕೇರಿ

ಉತ್ತರ: ಇಲ್ಲ ಸಾರ್, ಏನೂ ಕೆಟ್ಟಿಲ್ಲ. ಇಳಿಜಾರಿನಲ್ಲಿ ಮೋಟಾರೇ ಡೈನಮೋ ಆಗಿ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ತುಂಬುತ್ತದೆ. ಆ ಎಳೆತಕ್ಕೇ ಕಾರು ನಿಧಾನ ಆಗುವುದು. ಬ್ಯಾಟರಿ ತುಂಬಿದ್ದರೆ ಆ ಕರೆಂಟ್ ಹಾಕಲು ಜಾಗ ಇಲ್ಲ. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಹೊಯ್ದ ಹಾಗೆ. ಹಾಗಾಗಿ ಕಾರು ಅದನ್ನು ನಿಲ್ಲಿಸಿಬಿಡುತ್ತದೆ, ಭಾರವೆಲ್ಲ ಕಾಲಿನ ಬ್ರೇಕ್ ಮೇಲೆ ಬೀಳುತ್ತದೆ. ಮಳೆಗಾಲದ ಸಂಪಾಜೆ ತಿರುವಿನಲ್ಲಿ ಇದು ಗೊತ್ತಿಲ್ಲದೆ ಇಳಿದರೆ ಅಪಾಯ.

ರಾತ್ರಿ 80 ಪರ್ಸೆಂಟಿಗೆ ಚಾರ್ಜ್ ನಿಲ್ಲುವ ಹಾಗೆ ಮಾಡಿಕೊಳ್ಳಿ. ಕೆಳಗೆ ಇಳಿಯುವಾಗ ಘಾಟಿಯೇ ಸ್ವಲ್ಪ ತುಂಬಿಕೊಡುತ್ತದೆ. ನಿಮ್ಮದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಬ್ಯಾಟರಿ ಆದರೆ ಆಗಾಗ 100ಕ್ಕೆ ತುಂಬಿಸಬೇಕು, ಇಲ್ಲದಿದ್ದರೆ ಪರ್ಸೆಂಟ್ ತೋರಿಸುವುದರಲ್ಲಿ ತಪ್ಪಾಗುತ್ತದೆ. ಮಡಿಕೇರಿಯಿಂದ ಯಾವ ಕಡೆ ಹೊರಟರೂ ಇಳಿಜಾರು ಬರುತ್ತದೆ. ಆದ್ದರಿಂದ ಮಾರನೇ ದಿನ ಊರೊಳಗೇ ಓಡಾಟ ಇರುವ ರಾತ್ರಿ ನೋಡಿ ಫುಲ್ ಮಾಡಿ.

ಪ್ರಶ್ನೆ: ಮಗಳ ಬಾಣಂತನಕ್ಕೆ ಹೋಗಿ ಎರಡು ತಿಂಗಳು ಬಿಟ್ಟು ಬಂದೆವು. ಹೋಗುವಾಗ ಎಲೆಕ್ಟ್ರಿಕ್ ಕಾರಿನಲ್ಲಿ 70 ಪರ್ಸೆಂಟ್ ಇತ್ತು. ಬಂದು ನೋಡಿದರೆ ಬಾಗಿಲೂ ತೆಗೆಯುತ್ತಿಲ್ಲ. ಇಷ್ಟು ದೊಡ್ಡ ಬ್ಯಾಟರಿ ಹೇಗೆ ಖಾಲಿ ಆಯ್ತು?
ನಿವೃತ್ತ ದಂಪತಿ, ಶಿರಸಿ

ಉತ್ತರ: ದೊಡ್ಡದು ಖಾಲಿ ಆಗಿರಲಿಕ್ಕಿಲ್ಲ. ನಿಮ್ಮ ಕಾರಿನಲ್ಲಿ ಇನ್ನೊಂದು ಚಿಕ್ಕ ಬ್ಯಾಟರಿ ಇದೆ. ನಾನು ಜೀವಮಾನವೆಲ್ಲ ಎತ್ತಿ ಇಳಿಸಿದ ಅದೇ 12 ವೋಲ್ಟ್ ಬ್ಯಾಟರಿ. ಬಾಗಿಲಿನ ಲಾಕ್, ಮೀಟರ್, ಲೈಟು, ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ಚು, ಎಲ್ಲ ಅದರ ಮೇಲೆಯೇ ನಡೆಯುವುದು. ಅದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಏಳಲ್ಲ.

ರಿಮೋಟ್ ಕೀಯ ಒಳಗೆ ಒಂದು ಚಿಕ್ಕ ಲೋಹದ ಕೀ ಅಡಗಿರುತ್ತದೆ, ಪಕ್ಕದ ಗುಂಡಿ ಒತ್ತಿ ಎಳೆದರೆ ಬರುತ್ತದೆ. ಅದರಿಂದ ಡ್ರೈವರ್ ಬಾಗಿಲು ತೆಗೆಯಿರಿ. ಬಾನೆಟ್ ಎತ್ತಿ 12 ವೋಲ್ಟ್ ಬ್ಯಾಟರಿಗೆ ಬೇರೆ ಕಾರಿನಿಂದ ಜಂಪ್ ಕೊಡಿಸಬಹುದು, ಕಾರಿನ ಪುಸ್ತಕದಲ್ಲಿ ಹೇಳಿದ ಹಾಗೆ. ಒಳಗೆ ಕಾಣುವ ಕಿತ್ತಳೆ ಬಣ್ಣದ ವೈರುಗಳನ್ನು ಮಾತ್ರ ಯಾರೂ ಮುಟ್ಟಕೂಡದು. ಅವು ದೊಡ್ಡ ಬ್ಯಾಟರಿಯವು, ನೂರಾರು ವೋಲ್ಟ್ ಇರುತ್ತದೆ. ನಿಮ್ಮ ಕಾರಿನಿಂದ ಪಕ್ಕದ ಮನೆಯ ಪೆಟ್ರೋಲ್ ಕಾರಿಗೆ ಜಂಪ್ ಕೊಡಲೂ ಹೋಗಬೇಡಿ. ಮುಂದಿನ ಸಲ ಊರಿಗೆ ಹೋಗುವಾಗ ಬ್ಯಾಟರಿ 50–60 ಪರ್ಸೆಂಟಲ್ಲಿ ಇಟ್ಟು, ನಂಬಿಕಸ್ತರಿಗೆ ಕೀ ಕೊಟ್ಟು ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಲು ಹೇಳಿ.

ಪ್ರಶ್ನೆ: ನಮ್ಮದು ಪೆಟ್ರೋಲ್ ಕಾರು. ಇಲಿಗಳು ಎರಡು ಸಲ ವೈರ್ ಕಡಿದಿವೆ. ಪರಿಹಾರ ಹೇಳಿ.
ಒಬ್ಬ ಓದುಗರು, ದಾವಣಗೆರೆ

ಉತ್ತರ: ನನ್ನ ಅಂಗಡಿಗೆ ಬರುತ್ತಿದ್ದವರು ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಬಾನೆಟ್ ಒಳಗೆ ತೂಗುಹಾಕುತ್ತಿದ್ದರು. ವಾಸನೆ ಇರುವ ತನಕ ಕೆಲಸ ಮಾಡುತ್ತದೆ, ಎರಡು ವಾರಕ್ಕೊಮ್ಮೆ ಬದಲಿಸಬೇಕು. ಬಿಸಿ ತಾಗುವ ಜಾಗದಲ್ಲಿ ಕಟ್ಟಬೇಡಿ. ಕಾರಿನ ಹತ್ತಿರ ಕಸದ ಡಬ್ಬಿ, ನಾಯಿಯ ಅನ್ನದ ತಟ್ಟೆ ಇದ್ದರೆ ಮೊದಲು ಅದನ್ನು ದೂರ ಇಡಿ.

ಪ್ರಶ್ನೆ: 2020ರ ನೆಕ್ಸಾನ್ ಇವಿ ಸೆಕೆಂಡ್ ಹ್ಯಾಂಡ್ ಬಂದಿದೆ. ತಗೋಬಹುದಾ?
ಕಿರಾಣಿ ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಆ ಕಾರಿನ ಬ್ಯಾಟರಿ 30.2 ಯೂನಿಟ್‌ನದು. ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ., ಯಾವುದು ಮೊದಲೋ ಅದು. ಅಂದರೆ ಇನ್ನುಳಿದಿರುವುದು ಹೆಚ್ಚೆಂದರೆ 2028ರ ತನಕ. ಬಣ್ಣ, ಸೀಟು ಆಮೇಲೆ ನೋಡೋಣ. ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿಯ ಆರೋಗ್ಯದ ವರದಿ ತೆಗೆಸಿ, ಮಾಲೀಕರ ಎದುರಿಗೇ. ಆಮೇಲೆ 100ಕ್ಕೆ ತುಂಬಿಸಿ, ನೀವೇ ಧಾರವಾಡಕ್ಕೆ ಎಸಿ ಹಾಕಿಕೊಂಡು ಹೋಗಿ ಬನ್ನಿ. ಎಷ್ಟು ಕಿ.ಮೀ.ಗೆ ಎಷ್ಟು ಪರ್ಸೆಂಟ್ ಇಳಿಯಿತು ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ಆ ಲೆಕ್ಕದಲ್ಲಿ ಪೂರ್ತಿ ಬ್ಯಾಟರಿಗೆ 170ಕ್ಕಿಂತ ಕಡಿಮೆ ಬಂದರೆ ಬಿಟ್ಟುಬಿಡಿ. ವಾರಂಟಿ ನಿಮ್ಮ ಹೆಸರಿಗೆ ಬರುತ್ತದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಮನೆಯ ಪ್ಲಗ್ಗಿಗೆ ಹಾಕುವ ಚಾರ್ಜಿಂಗ್ ಕೇಬಲ್ ಇದೆಯಾ ನೋಡಿ. ಬಹಳ ಜನ ಮರೆತಿದ್ದೇವೆ, ಊರಲ್ಲಿದೆ, ಕಳಿಸುತ್ತೇವೆ ಅನ್ನುತ್ತಾರೆ. ಅದನ್ನು ನಿಮ್ಮ ಮನೆಯ ಪ್ಲಗ್ಗಿಗೆ ಹಾಕಿ, ಹಸಿರು ದೀಪ ಬಂದ ಮೇಲೆ ದುಡ್ಡು ಕೊಡಿ.