ಒಂದೇ ಟೂಲ್ ಸಾಕಾ, ಮೂರು ನಾಲ್ಕು ಬೇಕಾ?

ಪ್ರಶ್ನೆ: ನಮ್ಮದು ಸಣ್ಣ ಸಾಫ್ಟ್‌ವೇರ್ ಕಂಪನಿ. ಎಂಟು ಸರ್ವರ್, ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ನೋಡಿಕೊಳ್ಳಲು ಇಬ್ಬರು. ಇವೆಲ್ಲ ಸರಿಯಾಗಿ ನಡೆಯುತ್ತಿವೆಯಾ ಅಂತ ಗಮನಿಸಲು (ಮಾನಿಟರಿಂಗ್‌ಗೆ) ಅಂಕಿ ಕೂಡಿಡುವ ಪ್ರೊಮೀಥಿಯಸ್, ಅದನ್ನು ಗ್ರಾಫ್‌ನಲ್ಲಿ ತೋರಿಸುವ ಗ್ರಾಫಾನಾ, ಲಾಗ್ (ಸಾಫ್ಟ್‌ವೇರ್ ಬರೆದಿಡುವ ದಾಖಲೆ) ಕೂಡಿಡುವ ಲೋಕಿ ಅಂತ ಬಿಡಿಬಿಡಿಯಾಗಿ ಹಾಕಿಕೊಳ್ಳೋಣವಾ, ಇಲ್ಲ ಡೇಟಾಡಾಗ್ ಥರ ಎಲ್ಲ ಒಂದರಲ್ಲೇ ಸಿಗುವುದನ್ನು ತಗೊಳ್ಳೋಣವಾ? ಮ್ಯಾನೇಜರ್ ‘ಫ್ರೀ ಇರೋದನ್ನೇ ಹಾಕಿ’ ಅಂತಾರೆ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಫ್ರೀ ಅನ್ನೋ ಮಾತನ್ನು ಮೊದಲು ಪಕ್ಕಕ್ಕಿಡಿ. ಪ್ರೊಮೀಥಿಯಸ್‌ಗೆ ಲೈಸೆನ್ಸ್ ದುಡ್ಡು ಕೊಡಬೇಕಿಲ್ಲ, ನಿಜ. ಆದರೆ ಅದರ ಡಿಸ್ಕ್ ತುಂಬಿದಾಗ ರಾತ್ರಿ ಎದ್ದು ನೋಡುವವರು ನೀವಿಬ್ಬರೇ ಅಲ್ವಾ? ಏನೂ ಸೆಟ್ ಮಾಡದೆ ಬಿಟ್ಟರೆ ಅದು 15 ದಿನದ ಡೇಟಾ ಮಾತ್ರ ಇಟ್ಟುಕೊಳ್ಳುತ್ತದೆ. ಹೋದ ತಿಂಗಳ ಜೊತೆ ಹೋಲಿಸಲು ಕೂತಾಗಲೇ ಬಹಳ ಜನಕ್ಕೆ ಇದು ಗೊತ್ತಾಗೋದು. ಲಾಗ್‌ಗೆ ಲೋಕಿ, ಒಂದು ರಿಕ್ವೆಸ್ಟ್ ಎಲ್ಲಿ ತಡವಾಯಿತು ಅಂತ ಹುಡುಕಲು ಯೇಗರ್, ಒಂದೊಂದಕ್ಕೂ ಅದರದೇ ಅಪ್‌ಗ್ರೇಡ್, ಅದರದೇ ಕಿರಿಕಿರಿ.

ಹಾಗಂತ ಡೇಟಾಡಾಗ್ ಅಗ್ಗ ಅಂತೇನಿಲ್ಲ. ಸರ್ವರ್ ಲೆಕ್ಕದಲ್ಲಿ ಒಂದು ಬಿಲ್, ಲಾಗ್‌ಗೆ ಬೇರೆ, ನೀವೇ ಸೇರಿಸಿದ ಮೆಟ್ರಿಕ್‌ಗಳು (ಅಳೆದಿಡುವ ಅಂಕಿಗಳು) ಲೆಕ್ಕ ಮೀರಿದರೆ ಮತ್ತೂ ಬೇರೆ. ಯಾರೋ ಒಬ್ಬರು ಮೆಟ್ರಿಕ್‌ಗೆ ಯೂಸರ್ ಐಡಿಯನ್ನೇ ಟ್ಯಾಗ್ ಮಾಡಿದರು ಅನ್ನಿ. 50,000 ಗ್ರಾಹಕರಿದ್ದರೆ ಆ ಒಂದು ಮೆಟ್ರಿಕ್ ಒಬ್ಬೊಬ್ಬರಿಗೆ ಒಂದರಂತೆ 50,000 ಆಗಿ ಒಡೆಯುತ್ತದೆ. ಡೇಟಾಡಾಗ್‌ನಲ್ಲಿ ಬಿಲ್ ಉಬ್ಬುತ್ತದೆ, ಪ್ರೊಮೀಥಿಯಸ್‌ನಲ್ಲಿ ಮೆಮೊರಿ ಉಬ್ಬುತ್ತದೆ, ಜಾಸ್ತಿಯಾದರೆ ಅದೇ ಮಲಗುತ್ತದೆ.

ಇಬ್ಬರೇ ಇರುವ ಕಡೆ ನನ್ನ ಓಟು ಆಲ್-ಇನ್-ಒನ್‌ಗೆ. ಡೇಟಾಬೇಸ್‌ನಲ್ಲಿ ಮಾತ್ರ ಅದನ್ನೇ ನಂಬಿ ಕೂರಬೇಡಿ. ಡ್ಯಾಶ್‌ಬೋರ್ಡ್‌ನಲ್ಲಿ ಸಿಪಿಯು 30 ಪರ್ಸೆಂಟ್ ಅಂತ ಹಸಿರಾಗಿ ಕಾಣುತ್ತಿರುತ್ತದೆ, ಒಳಗೆ ಡೇಟಾ ಬದಲಿಸುವ ಒಂದು ಅಪ್‌ಡೇಟ್ ಕ್ವೆರಿ ಲಾಕ್ (ಬೇರೆಯವು ಮುಟ್ಟದ ಹಾಗೆ ಬೀಗ) ಹಿಡಿದುಕೊಂಡು ಉಳಿದ ಕ್ವೆರಿಗಳೆಲ್ಲ ಕಾಯುತ್ತಿರುತ್ತವೆ. ಇದು ಕಾಣಬೇಕಾದರೆ ಯಾವ ಕ್ವೆರಿ ಈಗ ಏನು ಮಾಡುತ್ತಿದೆ ಅಂತ ತೋರಿಸುವ ಪೋಸ್ಟ್‌ಗ್ರೆಸ್‌ನ ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯನ್ನೇ ತೆಗೆದು ನೋಡಬೇಕು.

ಯಾವುದನ್ನೇ ತಗೊಳ್ಳಿ, ಕೋಡ್‌ನಲ್ಲಿ ಆ ಕಂಪನಿಯ ಲೈಬ್ರರಿ ತುರುಕಬೇಡಿ. ಯಾವ ಒಂದು ಟೂಲ್‌ಗೂ ಕಟ್ಟುಬೀಳದೆ ಮಾನಿಟರಿಂಗ್ ಡೇಟಾ ಕಳಿಸುವ ಓಪನ್‌ಟೆಲಿಮೆಟ್ರಿ ಬಳಸಿ. 2019ರಲ್ಲಿ ಓಪನ್‌ಟ್ರೇಸಿಂಗ್, ಓಪನ್‌ಸೆನ್ಸಸ್ ಅನ್ನೋ ಎರಡು ಓಪನ್ ಸೋರ್ಸ್ ಪ್ರಾಜೆಕ್ಟ್ ಸೇರಿ ಆದದ್ದು ಇದು. ನಾಳೆ ಟೂಲ್ ಬದಲಿಸಿದರೆ ಡೇಟಾ ಕಳಿಸುವ ವಿಳಾಸ ಬದಲಿಸಿದರೆ ಹೆಚ್ಚುಕಡಿಮೆ ಕೆಲಸ ಮುಗಿಯಿತು, ಡ್ಯಾಶ್‌ಬೋರ್ಡ್, ಅಲರ್ಟ್ ಮಾತ್ರ ಮತ್ತೆ ಕಟ್ಟಬೇಕು.

ಇನ್ನೊಂದು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 (ಕ್ಲೌಡ್‌ನಲ್ಲಿ ಫೈಲ್ ಇಡುವ ಸರ್ವೀಸ್) ಕೆಟ್ಟಾಗ, ಸರ್ವೀಸ್‌ಗಳ ಸ್ಥಿತಿ ತೋರಿಸುವ ಅವರದೇ ಪುಟವನ್ನು ಅಪ್‌ಡೇಟ್ ಮಾಡಲು ಸುಮಾರು ಎರಡು ಗಂಟೆ ಕಾಲ ಅವರಿಗೆ ಸಾಧ್ಯವಾಗಲಿಲ್ಲ. ಅದನ್ನು ನಡೆಸುವ ವ್ಯವಸ್ಥೆಯೂ ಎಸ್3 ಮೇಲೇ ನಿಂತಿತ್ತು! ಹಾಗಾಗಿ ಬೇರೆ ಕ್ಲೌಡ್‌ನಿಂದ ನಿಮ್ಮ ಲಾಗಿನ್ ಪುಟವನ್ನು ನಿಮಿಷಕ್ಕೊಮ್ಮೆ ತಟ್ಟಿ ನೋಡುವ ಒಂದು ಸಣ್ಣ ಚೆಕ್ ಇಡಿ, ಅದರ ಅಲರ್ಟ್ ನೇರವಾಗಿ ಫೋನಿಗೇ ಬರಲಿ.