ಹಲ್ಲು–ವಸಡು: ರೂಟ್ ಕೆನಾಲ್‌ಗೆ ಕೂರುವ ಮುನ್ನ

ಪ್ರಶ್ನೆ: ಕೆಳಗಿನ ದವಡೆ ಹಲ್ಲು ಹುಳುಕಾಗಿದೆ. ಬಿಸಿ ತಾಗಿದರೆ ಬಹಳ ಹೊತ್ತು ನೋಯುತ್ತದೆ, ರಾತ್ರಿ ಮಲಗಿದರೆ ಇನ್ನೂ ಹೆಚ್ಚು. ರೂಟ್ ಕೆನಾಲ್ ಮಾಡಿಸಲು ಹೇಳಿದ್ದಾರೆ. ಆಂಟಿಬಯಾಟಿಕ್ ತೆಗೆದುಕೊಂಡರೆ ಸಾಲದೆ? ಮಾಡಿಸುವುದಾದರೆ ಏನೇನು ನಡೆಯುತ್ತದೆ?

ಉತ್ತರ: ಸಾಲದು. ಹಲ್ಲಿನೊಳಗೆ ನರ, ರಕ್ತನಾಳಗಳಿರುವ ಮೆತ್ತನೆಯ ತಿರುಳು ಇರುತ್ತದೆ. ನೀವು ಹೇಳಿದ ಲಕ್ಷಣ ನೋಡಿದರೆ ಅದು ಉರಿಯೂತದಿಂದ ಮತ್ತೆ ಚೇತರಿಸಿಕೊಳ್ಳಲಾರದ ಹಂತಕ್ಕೆ ಬಂದಂತಿದೆ. ಸುತ್ತ ಗಟ್ಟಿ ಗೋಡೆ, ಊದಿಕೊಳ್ಳಲು ಜಾಗವಿಲ್ಲ. ಆ ಪರಿ ನೋವು ಅದಕ್ಕೇ. ಇದನ್ನು ಆಂಟಿಬಯಾಟಿಕ್ ಇಳಿಸುವುದಿಲ್ಲ. ಆ ತಿರುಳನ್ನು ತೆಗೆದು, ಒಳಗೆ ತೊಳೆದು ತುಂಬುವುದೇ ರೂಟ್ ಕೆನಾಲ್. ಮುಖ ಊದಿ ಜ್ವರ ಬಂದರೆ ಆ ಮಾತು ಬೇರೆ.

ಮೊದಲು ಎಕ್ಸ್-ರೇ, ಆಮೇಲೆ ಇಂಜೆಕ್ಷನ್. ತುಟಿ ಪೂರ್ತಿ ಮರಗಟ್ಟಿದರೂ ಹೀಗೆ ಕೆರಳಿದ ಕೆಳದವಡೆಯ ಹಲ್ಲು ಕೆಲವೊಮ್ಮೆ ಮರಗಟ್ಟುವುದಿಲ್ಲ. ಹಲ್ಲು ಕಚ್ಚಿ ಸಹಿಸುವುದು ಬೇಡ, ಕೈ ಎತ್ತಿ. ಹಲ್ಲಿನ ಪಕ್ಕದ ಸಂದಿಗೋ, ನೇರವಾಗಿ ತಿರುಳಿಗೋ ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ. ತಿರುಳಿಗೆ ಕೊಡುವಾಗ ಒಂದು ಕ್ಷಣ ಜೋರಾಗಿ ಚುಚ್ಚುತ್ತದೆ, ಅಷ್ಟೇ.

ಬಳಿಕ ಆ ಹಲ್ಲೊಂದನ್ನು ಮಾತ್ರ ಹೊರಗೆ ಬಿಟ್ಟು ಬಾಯಿಗೆ ರಬ್ಬರ್ ಹಾಳೆ ಕಟ್ಟಬೇಕು. ಎಂಜಲು ಹಲ್ಲಿನೊಳಗೆ ಇಳಿಯದಂತೆ, ಒಳಗೆ ಉಜ್ಜಲು ಬಳಸುವ ಸೂಜಿಯಂಥ ಸಣ್ಣ ಫೈಲ್ ಗಂಟಲಿಗೆ ಜಾರದಂತೆ ಇದು ತಡೆಯುತ್ತದೆ. ಇದನ್ನು ಹಾಕುತ್ತೀರಾ ಎಂದು ಮೊದಲೇ ಕೇಳಿ, ಸಂಕೋಚ ಬೇಡ.

ಹಲ್ಲಿನ ಮೇಲ್ಭಾಗ ಕೊರೆದು ಬೇರಿನ ನಾಳಗಳನ್ನು ಹುಡುಕುತ್ತಾರೆ. ಕೆಳ ದವಡೆ ಹಲ್ಲಿಗೆ ಸಾಮಾನ್ಯವಾಗಿ 3, ಕೆಲವೊಮ್ಮೆ 4. ಒಂದು ಕಣ್ತಪ್ಪಿದರೂ ಸೋಂಕು ಅಲ್ಲೇ ಉಳಿದು ಮುಂದೆ ಕೀವಾಗಬಹುದು. ನಾಳದ ಉದ್ದ ಅಳೆಯುವ ಯಂತ್ರ ಬೀಪ್ ಎನ್ನುತ್ತಿರುತ್ತದೆ, ಗಾಬರಿಯಾಗಬೇಡಿ. ಫೈಲ್‌ಗಳು ನಾಳವನ್ನು ಅಗಲ ಮಾಡುತ್ತವೆಯೇ ಹೊರತು ಮೂಲೆಮೂಲೆಗೂ ತಾಗುವುದಿಲ್ಲ. ಅಲ್ಲಿನ ಕೊಳೆ ಕರಗಿಸುವುದು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ. ಬ್ಲೀಚಿಂಗ್ ಪೌಡರಿನ ವಾಸನೆ ಬರುವುದು ಅದರದ್ದೇ. ಹಾಗಾಗಿ ತೊಳೆಯಲು ಹೊತ್ತು ಹಿಡಿದರೆ ಒಳ್ಳೆಯದೆಂದೇ ತಿಳಿಯಿರಿ. ಕೊನೆಗೆ ನಾಳ ಒಣಗಿಸಿ ಗಟಾಪರ್ಚಾ ಎಂಬ ರಬ್ಬರಿನಂಥ ಕಡ್ಡಿಗಳನ್ನು ತುಂಬುತ್ತಾರೆ. ಕೀವು ಸೋರುತ್ತಿದ್ದರೆ ಅಂದು ತುಂಬದೆ, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಮದ್ದಿಟ್ಟು ಒಂದೆರಡು ವಾರ ಬಿಟ್ಟು ಕರೆಯುವುದುಂಟು.

ಮರಗಟ್ಟಿದ್ದು ಬಿಡಲು ಕೆಲವು ಗಂಟೆ ಬೇಕು. ಅಲ್ಲಿಯವರೆಗೆ ಅಗಿಯಬೇಡಿ, ಕೆನ್ನೆ ಕಚ್ಚಿಕೊಂಡರೂ ಗೊತ್ತಾಗದು.

ಪ್ರಶ್ನೆ: ರೂಟ್ ಕೆನಾಲ್ ಆಗಿ 2 ದಿನ. ನರ ತೆಗೆದ ಮೇಲೂ ಕಚ್ಚಿದರೆ ನೋವೇಕೆ?

ಉತ್ತರ: ತೆಗೆದದ್ದು ಒಳಗಿನ ನರ. ಬೇರನ್ನು ಮೂಳೆಗೆ ಹಿಡಿದಿಡುವ ತಂತುಗಳಲ್ಲಿನ ನರಗಳು ಹಾಗೇ ಇವೆ, ಅವು ಕೆಲವು ದಿನ ನೋಯುತ್ತವೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇಲ್ಲದವರಿಗೆ, ಗರ್ಭಿಣಿಯರಲ್ಲದವರಿಗೆ ಊಟದ ನಂತರ ಐಬುಪ್ರೊಫೆನ್ ಚೆನ್ನಾಗಿ ಕೆಲಸ ಮಾಡುತ್ತದೆ. ಉಳಿದವರು ವೈದ್ಯರನ್ನು ಕೇಳಿ. ಬಾಯಿ ಮುಚ್ಚುವಾಗ ಆ ಹಲ್ಲೇ ಮೊದಲು ತಾಗುತ್ತಿದ್ದರೆ ಕೊರೆದ ರಂಧ್ರ ಮುಚ್ಚಿದ ಸಿಮೆಂಟ್ ಎತ್ತರವಾಗಿದೆ. ಸ್ವಲ್ಪ ಉಜ್ಜಿದರೆ ಸರಿಹೋಗುತ್ತದೆ. ಊತ ಹೆಚ್ಚುತ್ತಿದ್ದರೆ, ಜ್ವರವಿದ್ದರೆ, ಬಾಯಿ ತೆರೆಯಲು ಕಷ್ಟವಾದರೆ ಅಂದೇ ಹೋಗಿ. ನುಂಗಲು, ಉಸಿರಾಡಲು ತೊಡಕಾದರೆ ನೇರ ಆಸ್ಪತ್ರೆಗೆ.

ಪ್ರಶ್ನೆ: ನೋವು ಹೋಗಿದೆ. ಕ್ಯಾಪ್ ಹಾಕಿಸಲೇಬೇಕೆ?

ಉತ್ತರ: ಮುಂದಿನ ಹಲ್ಲಾಗಿದ್ದು ರಂಧ್ರ ಚಿಕ್ಕದಿದ್ದರೆ ಫಿಲ್ಲಿಂಗ್ ಸಾಕಾಗಬಹುದು. ದವಡೆ ಹಲ್ಲಿಗೆ ಸಾಮಾನ್ಯವಾಗಿ ಬೇಕು. ಹುಳುಕು ತಿಂದದ್ದು, ಕೊರೆದದ್ದು ಸೇರಿ ಗೋಡೆ ತೆಳುವಾಗಿರುತ್ತದೆ. ಗಟ್ಟಿ ಪದಾರ್ಥ ಕಡಿದಾಗ ಬೇರಿನವರೆಗೂ ಸೀಳಿದರೆ ಹಲ್ಲು ಕೀಳದೆ ದಾರಿಯಿಲ್ಲ. ತಾತ್ಕಾಲಿಕ ಸಿಮೆಂಟನ್ನು ನಂಬಿ ತಿಂಗಳುಗಟ್ಟಲೆ ಕೂರಬೇಡಿ. ಅದು ಸವೆದು ಎಂಜಲು ಒಳಗಿಳಿದರೆ ಮಾಡಿದ ಕೆಲಸವನ್ನೆಲ್ಲ ಮತ್ತೆ ಮಾಡಬೇಕಾದೀತು.